ದಿವಾಳಿಯಾದ ಮೇಲೂ 68 ವರ್ಷ ಓಡಿದ ರೈಲು

ಮಾನ್ಯ ಸಂಪಾದಕರೇ,

ನಷ್ಟದಲ್ಲಿರುವ ಸಣ್ಣ ರೈಲು ಮಾರ್ಗಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಲೇಖಕರು ಶ್ರಮವಹಿಸಿ ಬರೆದಿದ್ದಾರೆ. ಅವರ ಕಳಕಳಿಯ ಬಗ್ಗೆ ನನಗೆ ಗೌರವವಿದೆ. ಆದರೆ ಲೇಖನದ ನಡುವೆ ಬಂದ ಒಂದು ಮಾತನ್ನು ಒಪ್ಪಲು ನನ್ನಿಂದ ಆಗಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಖಾಸಗಿ ರೈಲು ಕಂಪನಿಗಳು ಲಾಭ ಕಂಡಲ್ಲಿ ಮಾತ್ರ ಹಳಿ ಹಾಕಿದವು, ನಷ್ಟ ಬಂದಲ್ಲಿ ಕಿತ್ತವು, ಆ ಶಿಸ್ತು ನಮ್ಮಲ್ಲಿ ಬೆಳೆಯಲಿಲ್ಲ ಎಂಬುದು ಆ ಮಾತಿನ ಸಾರಾಂಶ. ನಡೆದದ್ದು ಹಾಗಲ್ಲ. ಹುಬ್ಬಳ್ಳಿಯಲ್ಲಿ ಬಹುಕಾಲ ಗೂಡ್ಸ್ ಕಚೇರಿಯ ಗುಮಾಸ್ತನಾಗಿದ್ದವನು ನಾನು. ರೈಲಿನ ಜಮಾ-ಖರ್ಚು ಎಂದರೆ ಏನು, ಅದರಲ್ಲಿ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ದಿನವೂ ಕಂಡವನು. ಆದ್ದರಿಂದ ಆ ಕಾಲದ ಒಂದೇ ಒಂದು ಕಂಪನಿಯ ಇತಿಹಾಸವನ್ನು ತಮ್ಮ ಓದುಗರ ಮುಂದಿಡಲು ಅನುಮತಿ ಕೋರುತ್ತೇನೆ. ಪತ್ರ ದೀರ್ಘವಾಗುತ್ತದೆ, ವಿಷಯ ಅಷ್ಟು ಬೇಡುತ್ತದೆ ಎಂದು ನನ್ನ ನಂಬಿಕೆ.

ಆ ಕಂಪನಿಯ ಹೆಸರು ಬಿಷಪ್ಸ್ ಕ್ಯಾಸಲ್ ರೈಲ್ವೆ. ಇಂಗ್ಲೆಂಡಿನ ಪಶ್ಚಿಮದಲ್ಲಿ, ವೇಲ್ಸ್ ಗಡಿಗೆ ತಾಗಿಕೊಂಡಿರುವ ಶ್ರಾಪ್‌ಶೈರ್ ಎಂಬ ಜಿಲ್ಲೆಯಲ್ಲಿ, ಗುಡ್ಡದ ಇಳಿಜಾರಿನ ಮೇಲೆ ಬಿಷಪ್ಸ್ ಕ್ಯಾಸಲ್ ಎಂಬ ಪುಟ್ಟ ಪೇಟೆಯಿದೆ. ಮಗಳ ಸಂಸಾರ ಆ ದೇಶದಲ್ಲಿರುವುದರಿಂದ ಅಲ್ಲಿಗೆ ಒಮ್ಮೆ ಹೋಗಿಬರುವ ಅವಕಾಶ ನನಗೆ ಸಿಕ್ಕಿತು. ಕೆಳಗೆ ಚರ್ಚು, ಮೇಲೆ ಟೌನ್ ಹಾಲ್, ನಡುವೆ ಕಡಿದಾಗಿ ಏರುವ ಒಂದು ಬೀದಿ. ಹೆಚ್ಚುಕಡಿಮೆ ಅಷ್ಟೇ ಊರು. 1832ರ ಸುಧಾರಣಾ ಕಾಯ್ದೆ ಬರುವವರೆಗೆ ಈ ಪುಟ್ಟ ಊರು ಬ್ರಿಟಿಷ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಮತದಾರರು ತೀರ ಕಡಿಮೆಯಿದ್ದ ಊರುಗಳ ಪ್ರಾತಿನಿಧ್ಯವನ್ನು ಆ ಕಾಯ್ದೆ ತೆಗೆದುಹಾಕಿದಾಗ ಬಿಷಪ್ಸ್ ಕ್ಯಾಸಲ್‌ನ ಎರಡೂ ಸ್ಥಾನಗಳು ಹೋದವು. ರಾಜಕೀಯದ ಬಲ ಹೋಯಿತು. ಉಳಿದದ್ದು ದನದ ಸಂತೆ, ಕುರಿ, ಉಣ್ಣೆ, ಸುತ್ತಲಿನ ಹೊಲಗದ್ದೆ. ಶ್ರೂಸ್‌ಬರಿಯಿಂದ ಹೆರಿಫರ್ಡ್‌ಗೆ ಹೋಗುವ ದೊಡ್ಡ ಮಾರ್ಗ ಹತ್ತು ಮೈಲಿ ಆಚೆ ಕ್ರೇವನ್ ಆರ್ಮ್ಸ್ ಎಂಬಲ್ಲಿ ಹಾದುಹೋಗಿತ್ತು. ಚಳಿಗಾಲದಲ್ಲಿ ಒಲೆಗೆ ಬೇಕಾದ ಕಲ್ಲಿದ್ದಲು ಅಲ್ಲಿಂದ ಕುದುರೆ ಗಾಡಿಯಲ್ಲಿ ಕೆಸರಿನ ದಾರಿ ತುಳಿದು ಬರಬೇಕು. ಇಲ್ಲಿಯ ದನಕುರಿ ಅದೇ ದಾರಿಯಲ್ಲಿ ನಡೆದುಹೋಗಿ ಸೊರಗಿ ಮಾರಾಟಕ್ಕೆ ನಿಲ್ಲಬೇಕು. ಇಂಥ ಊರಿನವರು ರೈಲು ಬೇಕೆಂದು ಹಂಬಲಿಸಿದ್ದರಲ್ಲಿ ಯಾವ ದುರಾಸೆಯೂ ಇರಲಿಲ್ಲ.

1861ರಲ್ಲಿ ಪಾರ್ಲಿಮೆಂಟು ಕಂಪನಿಗೆ ಅನುಮತಿ ಕೊಟ್ಟಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅನುಮತಿ ಸಿಕ್ಕ ಮುಖ್ಯ ಮಾರ್ಗ ಬಿಷಪ್ಸ್ ಕ್ಯಾಸಲ್ ಊರಿಗೆ ಹೋಗುವುದಾಗಿರಲಿಲ್ಲ. ಕ್ರೇವನ್ ಆರ್ಮ್ಸ್ ಪಕ್ಕದಿಂದ ಹೊರಟು ವೇಲ್ಸ್ ಗಡಿ ದಾಟಿ ಮಾಂಟ್‌ಗಾಮರಿಯ ಹತ್ತಿರ ಒಸ್ವೆಸ್ಟ್ರಿ–ನ್ಯೂಟೌನ್ ರೈಲು ಮಾರ್ಗವನ್ನು ಕೂಡಿಕೊಳ್ಳುವುದು ಉದ್ದೇಶ. ಬಿಷಪ್ಸ್ ಕ್ಯಾಸಲ್‌ಗೆ ನಡುದಾರಿಯ ಲಿಡಮ್ ಹೀತ್ ಎಂಬಲ್ಲಿಂದ ಒಂದು ಚಿಕ್ಕ ಕವಲು. ಮಧ್ಯ ವೇಲ್ಸ್‌ನ ಸರಕೆಲ್ಲ ತಮ್ಮ ಹಳಿಯ ಮೇಲೆ ದಕ್ಷಿಣಕ್ಕೆ ಹರಿಯುತ್ತದೆ, ಆ ಬಾಡಿಗೆಯಲ್ಲಿ ಬಂಡವಾಳಕ್ಕೆ ಬಡ್ಡಿ ಹುಟ್ಟುತ್ತದೆ, ಅದೇ ಬಲದಲ್ಲಿ ತಮ್ಮ ಊರಿಗೂ ರೈಲು ಬರುತ್ತದೆ ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಅದು ತಪ್ಪು ಲೆಕ್ಕವಲ್ಲ.

ಎಡವಿದ್ದು ಹಣ ಕೂಡಿಸುವ ರೀತಿಯಲ್ಲಿ. ಆ ಕಾಲದ ಇಂಗ್ಲೆಂಡಿನಲ್ಲಿ ರೈಲು ಹಾಕಬೇಕೆಂದರೆ ಮೊದಲು ಅದಕ್ಕೆಂದೇ ಒಂದು ಪ್ರತ್ಯೇಕ ಕಾಯ್ದೆಯಾಗಬೇಕು. ಅದಕ್ಕಾಗಿ ಲಂಡನ್ನಿನಲ್ಲಿ ವಕೀಲರು, ಎಂಜಿನಿಯರರು, ಸಾಕ್ಷಿದಾರರು, ವಿರೋಧಿಸುವವರಿಗೆ ಉತ್ತರ. ಮೊದಲ ಸ್ಲೀಪರ್ ಮಣ್ಣು ಮುಟ್ಟುವ ಮುಂಚೆಯೇ ಹಣದ ಚೀಲ ಅರ್ಧ ಬರಿದಾಗುತ್ತಿತ್ತು. ಆಮೇಲೆ ಷೇರು ಮಾರಬೇಕು. ದೊಡ್ಡ ಊರುಗಳ ನಡುವಿನ ಮಾರ್ಗಕ್ಕಾದರೆ ಷೇರು ಕೊಳ್ಳುವವರು ಸಾಲುಗಟ್ಟುತ್ತಾರೆ. ಕುರಿ ಮೇಯಿಸುವ ಕಣಿವೆಯ ಮಾರ್ಗಕ್ಕೆ ಯಾರು ಕೊಡಬೇಕು? ಷೇರು ಬಂಡವಾಳದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಾಲಪತ್ರ ಹೊರಡಿಸುವಂತಿಲ್ಲ ಎಂಬ ಕಟ್ಟಳೆ ಸಾಮಾನ್ಯವಾಗಿ ಇರುತ್ತಿತ್ತು. ಹೀಗಾಗಿ 1860ರ ದಶಕದಲ್ಲಿ ಹಳ್ಳಿಗಾಡಿನ ಕಂಪನಿಗಳು ಕಂಡುಕೊಂಡ ದಾರಿಯೆಂದರೆ ಗುತ್ತಿಗೆದಾರನಿಗೆ ನಗದಿನ ಬದಲು ಷೇರನ್ನೇ ಕೊಡುವುದು. ಅವನು ಅದನ್ನು ಲಂಡನ್ನಿನ ಲೇವಾದೇವಿ ಸಂಸ್ಥೆಗಳಲ್ಲಿ ಅಡವಿಟ್ಟು ಸಾಲ ಎತ್ತುತ್ತಿದ್ದ; ಆ ಸಾಲದಲ್ಲಿ ಕೂಲಿ ಕೊಡುತ್ತಿದ್ದ; ಇನ್ನಷ್ಟು ಕೆಲಸ ಮಾಡಿ ಇನ್ನಷ್ಟು ಷೇರು ಪಡೆಯುತ್ತಿದ್ದ. ಸಾಲದ ಮಿತಿ ಮುಗಿದ ಕಂಪನಿಗಳು 'ಇಷ್ಟು ಕೆಲಸ ಆಗಿದೆ, ಇಷ್ಟು ಹಣ ಕೊಡುವುದಿದೆ' ಎಂದು ಗುತ್ತಿಗೆದಾರನಿಗೆ ಬರೆದುಕೊಡುವ ಚೀಟಿಗಳೂ ಚಲಾವಣೆಗೆ ಬಂದವು. ಜಾನ್ ಹೊರೇಷಿಯೊ ಲಾಯ್ಡ್ ಎಂಬ ಬ್ಯಾರಿಸ್ಟರ್ ಈ ಉಪಾಯ ಹೇಳಿಕೊಟ್ಟದ್ದರಿಂದ ಅವುಗಳಿಗೆ ಲಾಯ್ಡ್ ಬಾಂಡ್ ಎಂದೇ ಹೆಸರಾಯಿತು.

ಜಮೀನಿನ ಕಥೆಯೂ ಹೀಗೆಯೇ. ಪೂರ್ತಿ ಬೆಲೆ ತೆರುವ ಮುಂಚೆ, ಠೇವಣಿ ಮತ್ತು ಮುಚ್ಚಳಿಕೆಯ ಮೇಲೆ ಹೊಲದೊಳಗೆ ಇಳಿದು ಕೆಲಸ ಮಾಡಲು 1845ರ ಭೂಸ್ವಾಧೀನದ ಕಾಯ್ದೆ ಅವಕಾಶ ಕೊಟ್ಟಿತ್ತು. ರೈಲು ಓಡಿ ದುಡ್ಡು ಬಂದ ಮೇಲೆ ತೀರಿಸೋಣ ಎಂದು ಕಂಪನಿಗಳು ಹಳಿ ಹಾಕಿಬಿಡುತ್ತಿದ್ದವು. ಈ ಬಾಕಿ ಮುಂದೆ ಬಿಷಪ್ಸ್ ಕ್ಯಾಸಲ್ ಕಂಪನಿಯ ಕುತ್ತಿಗೆಗೆ ಹೇಗೆ ಬಂತೆಂಬುದನ್ನು ಕೆಳಗೆ ಹೇಳುತ್ತೇನೆ.

1865ರ ಅಕ್ಟೋಬರಿನಲ್ಲಿ ಊರಿಗೆ ಮೊದಲ ರೈಲು ಬಂತು. ಸಾರ್ವಜನಿಕ ಸಂಚಾರ ವಿಧಿವತ್ತಾಗಿ ಆರಂಭವಾದದ್ದು 1866ರ ಫೆಬ್ರವರಿ 1ರಂದು. ಅದೇ ಫೆಬ್ರವರಿಯಲ್ಲಿ, ಮಧ್ಯ ವೇಲ್ಸ್‌ನ ಅರ್ಧಕ್ಕರ್ಧ ರೈಲು ಮಾರ್ಗಗಳನ್ನು ಕಟ್ಟಿದ ಥಾಮಸ್ ಸ್ಯಾವಿನ್ ದಿವಾಳಿಯೆದ್ದ. ಒಸ್ವೆಸ್ಟ್ರಿಯಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದ ಈತ ಡೇವಿಡ್ ಡೇವಿಸ್ ಜೊತೆ ಸೇರಿ ಕಟ್ಟಿದ ಮಾರ್ಗಗಳಲ್ಲಿ, ನಮ್ಮ ಕಂಪನಿ ಮಾಂಟ್‌ಗಾಮರಿಯಲ್ಲಿ ಕೂಡಿಕೊಳ್ಳಬೇಕಿದ್ದ ಒಸ್ವೆಸ್ಟ್ರಿ–ನ್ಯೂಟೌನ್ ಮಾರ್ಗವೂ ಒಂದು. ಮೂರು ತಿಂಗಳು ಕಳೆದು, ಮೇ 10ರಂದು, ಲಂಡನ್ನಿನ ಓವರೆಂಡ್ ಗರ್ನಿ ಎಂಬ ದೊಡ್ಡ ಹುಂಡಿ ವ್ಯವಹಾರದ ಸಂಸ್ಥೆ ಬಾಗಿಲು ಹಾಕಿತು. ಅದರ ಮೇಲಿದ್ದ ಹೊಣೆ ಸುಮಾರು 1.1 ಕೋಟಿ ಪೌಂಡು. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿ ದರವನ್ನು ಶೇ 10ಕ್ಕೆ ಏರಿಸಿತು. ಷೇರು ಅಡವಿಟ್ಟು ರೈಲು ಕಟ್ಟುವ ಆ ಇಡೀ ಏರ್ಪಾಡು ಕೆಲವೇ ವಾರಗಳಲ್ಲಿ ಕುಸಿಯಿತು.

ಇದರ ಪರಿಣಾಮ ಬಿಷಪ್ಸ್ ಕ್ಯಾಸಲ್ ಮಾರ್ಗದ ಮೇಲೆ ಆದದ್ದನ್ನು ಇಂದಿಗೂ ನಕ್ಷೆಯಲ್ಲಿ ನೋಡಬಹುದು. ಲಿಡಮ್ ಹೀತ್‌ನಿಂದ ಮಾಂಟ್‌ಗಾಮರಿಗೆ ಹೋಗಬೇಕಿದ್ದ ಮುಖ್ಯ ಮಾರ್ಗ ಎಂದೂ ಆಗಲಿಲ್ಲ. ಕವಲೇ ಮಾರ್ಗವಾಯಿತು. ಕ್ರೇವನ್ ಆರ್ಮ್ಸ್‌ನಿಂದ ಹೊರಟ ಗಾಡಿ ಓನಿ ನದಿಯ ಕಣಿವೆಗುಂಟ ಹಾರ್ಡರ್ಲಿ, ಪ್ಲೌಡನ್, ಈಟನ್ ದಾಟಿ ಲಿಡಮ್ ಹೀತ್‌ಗೆ ಬಂದರೆ ಮುಂದೆ ಹಳಿಯಿಲ್ಲ. ಊರಿಗೆ ಹೋಗಬೇಕಾದರೆ ಬಂದ ದಿಕ್ಕಿಗೇ ಮುಖ ತಿರುಗಿಸಿ ಹೊರಡಬೇಕು. ಶಂಟಿಂಗ್ ನೋಡಿದವರಿಗೆ ಇದರ ಶ್ರಮ ಗೊತ್ತು: ಗಾಡಿ ನಿಲ್ಲಿಸಿ ಕೊಂಡಿ ಬಿಡಿಸಬೇಕು, ಎಂಜಿನ್ ಮುಂದಕ್ಕೆ ಹೋಗಬೇಕು, ಪಾಯಿಂಟ್ ತಿರುಗಿಸಿ ಲೂಪ್ ಲೈನಿನಲ್ಲಿ ಅದನ್ನು ಹಿಂದಕ್ಕೆ ತಂದು ಗಾಡಿಯ ಮತ್ತೊಂದು ತುದಿಗೆ ಕೂಡಿಸಬೇಕು, ಕೊಂಡಿ ಬಿಗಿದು ಗಾರ್ಡ್ ಕೈ ತೋರಿಸಿದ ಮೇಲೆ ಹೊರಡಬೇಕು. ಇಷ್ಟೆಲ್ಲ ಉಳಿದ ಎರಡು ಮೈಲಿಗಿಂತ ಕಡಿಮೆ ದಾರಿಗಾಗಿ. ಮಳೆಯಿರಲಿ, ಹಿಮವಿರಲಿ, ಪ್ರತಿ ಗಾಡಿಗೂ, ಹೋಗುವಾಗ ಬರುವಾಗ ಎರಡೂ ಸಲ, ಸುಮಾರು 70 ವರ್ಷ ಆ ನೌಕರರು ಇದನ್ನು ಮಾಡಿದರು. ಆಗದೆ ಉಳಿದ ಒಂದು ಮಾರ್ಗದ ದಂಡವನ್ನು ಆದ ಮಾರ್ಗ ದಿನವೂ ಕಟ್ಟುತ್ತಿತ್ತು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ತಲೆಯ ಮೇಲಿನ ಹೊರೆ ಮುಖ್ಯ ಮಾರ್ಗದ್ದು, ಕೈಗೆ ಬಂದ ಸರಕು ಕವಲಿನದು. ಹತ್ತೂವರೆ ಮೈಲಿಯ ಸ್ಥಳೀಯ ವ್ಯಾಪಾರದಿಂದ ಆ ಸಾಲಕ್ಕೆ ಬಡ್ಡಿ ಹುಟ್ಟುವುದು ಸಾಧ್ಯವೇ ಇರಲಿಲ್ಲ. ಕಣಿವೆಗೆ ರೈಲು ಬೇಡವಾಗಿತ್ತು ಎಂದಲ್ಲ.

1867ರಲ್ಲಿ ಕಂಪನಿ ರಿಸೀವರ್, ಅಂದರೆ ಸಾಲ ಕೊಟ್ಟವರ ಪರವಾಗಿ ನ್ಯಾಯಾಲಯ ನೇಮಿಸುವ ಆಡಳಿತಗಾರನ ಕೈಗೆ ಹೋಯಿತು. ತಮ್ಮ ಲೇಖಕರು ಹೇಳಿದ 'ಶಿಸ್ತು' ನಿಜವಾಗಿದ್ದರೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು: ಹಳಿ ಕಿತ್ತು, ಎಂಜಿನ್ ಹರಾಜು ಹಾಕಿ, ಸಾಲ ಕೊಟ್ಟವರಿಗೆ ಹಂಚಬೇಕಿತ್ತು. ಹಾಗೆ ಆಗದಂತೆ ತಡೆದದ್ದು ಇಂಗ್ಲೆಂಡಿನ ಕಾನೂನೇ. ಅದೇ 1867ರಲ್ಲಿ ಅಲ್ಲಿಯ ಪಾರ್ಲಿಮೆಂಟು ರೈಲ್ವೆ ಕಂಪನಿಗಳ ಕಾಯ್ದೆಯೊಂದನ್ನು ಮಾಡಿ, ಸಾರ್ವಜನಿಕ ಸಂಚಾರಕ್ಕೆ ತೆರೆದ ರೈಲು ಮಾರ್ಗದ ಎಂಜಿನ್, ಗಾಡಿಗಳನ್ನು ಸಾಲಕ್ಕಾಗಿ ಜಪ್ತಿ ಮಾಡಬಾರದು, ಬೇಕಾದರೆ ಸಾಲ ಕೊಟ್ಟವರು ನ್ಯಾಯಾಲಯದ ಮೂಲಕ ರಿಸೀವರ್ ನೇಮಿಸಿಕೊಂಡು, ಓಡಾಟದ ಖರ್ಚು ಕಳೆದು ಉಳಿದದ್ದರಲ್ಲಿ ತಮ್ಮ ಪಾಲು ಪಡೆಯಲಿ ಎಂದು ವಿಧಿಸಿತು. ಅದೇ ವರ್ಷ ಲಂಡನ್, ಚಾಟಮ್ ಅಂಡ್ ಡೋವರ್ ಎಂಬ ದೊಡ್ಡ ಕಂಪನಿಯ ಮೊಕದ್ದಮೆಯಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಪಾರ್ಲಿಮೆಂಟು ಸಾರ್ವಜನಿಕರಿಗಾಗಿ ನಡೆಯಲೆಂದು ಹುಟ್ಟಿಸಿದ ಒಂದು ರೈಲು ಉದ್ಯಮವನ್ನು ಸಾಲ ಕೊಟ್ಟವರು ತುಂಡು ತುಂಡಾಗಿ ಒಡೆದು ಹಂಚಿಕೊಳ್ಳುವಂತಿಲ್ಲ, ಅವರ ಹಕ್ಕು ಅದರ ಆದಾಯದ ಮೇಲೆ ಮಾತ್ರ ಎಂದು ತೀರ್ಪು ಕೊಟ್ಟಿತು. ಹಾಲು ಕರೆದುಕೊಳ್ಳಬಹುದು, ಹಸುವನ್ನು ಕಡಿಯುವಂತಿಲ್ಲ ಎಂದು ನಮ್ಮ ಮಾತಿನಲ್ಲಿ ಹೇಳಬಹುದು. ಖಾಸಗಿ ಲಾಭಕ್ಕೆ ಅಷ್ಟು ಮರ್ಯಾದೆ ಕೊಡುತ್ತಿದ್ದ ದೇಶ, ಅಷ್ಟು ದೊಡ್ಡ ಹಣದ ಬಿಕ್ಕಟ್ಟಿನ ನಡುವೆ, ರೈಲನ್ನು ಮಾತ್ರ ಬೇರೆ ಜಾತಿಯ ಆಸ್ತಿಯೆಂದು ಎತ್ತಿಟ್ಟಿತು. ಈ ಒಂದು ನಿರ್ಧಾರವನ್ನು ನಮ್ಮಲ್ಲಿ ರೈಲಿನ ಲಾಭನಷ್ಟ ಚರ್ಚಿಸುವವರು ಯಾರೂ ಹೇಳದಿರುವುದು ನನಗೆ ನೋವಿನ ಸಂಗತಿ.

ಹೀಗೆ ಬಿಷಪ್ಸ್ ಕ್ಯಾಸಲ್ ರೈಲ್ವೆ 1867ರಿಂದ 1935ರವರೆಗೆ, 68 ವರ್ಷ, ಸಾಲ ತೀರಿಸದೆ, ಸಾಯದೆ, ರಿಸೀವರ್ ಕೈಕೆಳಗೇ ಓಡಿತು.

ಆದರೆ ಕಾನೂನು ಕಾಪಾಡಿದ್ದು ಎಂಜಿನ್ ಮತ್ತು ಗಾಡಿಗಳನ್ನು. ಬೆಲೆ ಪೂರ್ತಿ ಸಲ್ಲದ ಜಮೀನಿನ ಮೇಲೆ ಮಾರಿದವನ ಹಕ್ಕು ಹಾಗೆಯೇ ಉಳಿದಿತ್ತು. 1877ರ ಫೆಬ್ರವರಿಯಲ್ಲಿ, ಹಾರ್ಡರ್ಲಿ ಹತ್ತಿರದ ಒಂದು ತುಂಡು ಜಮೀನಿನ ಬಾಕಿಗಾಗಿ ಭೂಮಾಲೀಕರ ಕಡೆಯವರು ಕೋರ್ಟಿನ ಅಮೀನರನ್ನು ಕರೆತಂದರು. ಅವರು ಹಳಿಯ ಒಂದು ತುಂಡನ್ನು ಬಿಚ್ಚಿಸಿ, ದಾರಿಗೆ ಅಡ್ಡಲಾಗಿ ಬೇಲಿ ಹಾಕಿ, ಪಕ್ಕದಲ್ಲಿ ಬೆಂಕಿ ಹೊತ್ತಿಸಿಕೊಂಡು ಕಾವಲು ಕೂತರು. ರೈಲು ನಿಂತಿತು. ಚಳಿ ಇನ್ನೂ ಮುಗಿದಿರಲಿಲ್ಲ. ಊರಿನಲ್ಲಿ ಕಲ್ಲಿದ್ದಲು ಕರಗುತ್ತ ಬಂತು. ಹನ್ನೊಂದು ವರ್ಷದ ಹಿಂದೆ ಕುದುರೆ ಗಾಡಿಯಲ್ಲೇ ಕಲ್ಲಿದ್ದಲು ತರಿಸುತ್ತಿದ್ದ ಊರಿಗೆ ಆ ಹಳೆಯ ಏರ್ಪಾಡು ಈಗ ಇರಲಿಲ್ಲ. ರೈಲು ಬಂದ ಮೇಲೆ ಬಾಡಿಗೆ ಬಂಡಿಯವರು ಬೇರೆ ದಾರಿ ಹಿಡಿದಿರುತ್ತಾರೆ.

ಆಮೇಲೆ ನಡೆದದ್ದನ್ನು ಆ ಭಾಗದ ಜನ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ. ಒಂದು ರಾತ್ರಿ ಕಾವಲಿನ ಅಮೀನರನ್ನು ಯಾರೋ ಸ್ನೇಹದಿಂದ ಮಾತಾಡಿಸಿ, ಚಳಿಗೆ ಒಂದಿಷ್ಟು ಬೆಚ್ಚಗಾಗಿ ಬನ್ನಿ ಎಂದು ಹತ್ತಿರದ ಪಾನಗೃಹಕ್ಕೆ ಕರೆದೊಯ್ದರು. ಅವರು ಅಲ್ಲಿ ಕುಡಿಯುತ್ತ ಕೂತಿರುವಾಗ ಇತ್ತ ಬೇಲಿ ಸರಿಯಿತು, ಬಿಚ್ಚಿದ ಹಳಿ ಮತ್ತೆ ಕೂತಿತು, ದೀಪವಿಲ್ಲದೆ ಸದ್ದಿಲ್ಲದೆ ಎಂಜಿನ್ ಖಾಲಿ ವ್ಯಾಗನ್ನುಗಳನ್ನು ಎಳೆದುಕೊಂಡು ಕ್ರೇವನ್ ಆರ್ಮ್ಸ್ ಕಡೆ ದಾಟಿತು. ಅಲ್ಲಿ ಕಲ್ಲಿದ್ದಲು ತುಂಬಿಕೊಂಡು ತಿರುಗಿ ಬರುವಾಗ ಮಾತ್ರ ಸದ್ದಡಗಿಸುವಂತಿರಲಿಲ್ಲ. ಭಾರ ಹೊತ್ತ ಗಾಡಿ ಏರುದಾರಿಯಲ್ಲಿ ಪೂರ್ತಿ ಉಗಿ ಕೊಟ್ಟೇ ಬರಬೇಕು. ಸದ್ದು ಕೇಳಿ ಅಮೀನರು ಓಡಿಬರುವಷ್ಟರಲ್ಲಿ ಗಾಡಿ ಹಾರ್ಡರ್ಲಿ ದಾಟಿತ್ತು. ಬೆಳಗಾಗುವಾಗ ಊರಿನಲ್ಲಿ ಕಲ್ಲಿದ್ದಲು ಇತ್ತು. ಬಾಕಿಗೆ ವ್ಯವಸ್ಥೆಯಾಗಿ ಮಾರ್ಗ ಮತ್ತೆ ತೆರೆದದ್ದು ಅದೇ ವರ್ಷದ ಜುಲೈನಲ್ಲಿ.

ಅಮೀನರು ತಮ್ಮ ಕರ್ತವ್ಯ ಮಾಡಿದವರು, ಭೂಮಿ ಕೊಟ್ಟವರಿಗೆ ಬೆಲೆ ಸಲ್ಲಬೇಕಾದದ್ದು ನ್ಯಾಯ. ಆ ರಾತ್ರಿಯ ಕೆಲಸವನ್ನು ನಾನು ಸಮರ್ಥಿಸುತ್ತಿಲ್ಲ. ನಾನು ಕೇಳುವುದಿಷ್ಟೆ. ಹತ್ತು ವರ್ಷದಿಂದ ದಿವಾಳಿಯಾಗಿದ್ದ, ಷೇರುದಾರರಿಗೆ ಚಿಕ್ಕಾಸು ಕೊಡದ ಕಂಪನಿಯೊಂದರ ಗಾಡಿಯನ್ನು ಓಡಿಸಲು ಜನ ಅಪರಾತ್ರಿಯಲ್ಲಿ ಹಳಿ ಜೋಡಿಸಲು ಇಳಿದರೆಂದರೆ, ಆ ಜನರ ಮನೆಯ ಲೆಕ್ಕದಲ್ಲಿ ಆ ರೈಲು ಯಾವ ಕಡೆ ಬರೆಯಲ್ಪಟ್ಟಿತ್ತು? ಕಂಪನಿಯ ಪುಸ್ತಕದಲ್ಲಿ ಅದು ಖರ್ಚಿನ ಕಡೆ. ಊರಿನ ಪುಸ್ತಕದಲ್ಲಿ ಜಮೆಯ ಕಡೆ. ನಾನು ಗೂಡ್ಸ್ ಕಚೇರಿಯಲ್ಲಿ ಕುಳಿತು ತುಂಬುತ್ತಿದ್ದ ಫಾರಂಗಳಲ್ಲಿ ಟನ್ನು, ಮೈಲಿ, ಬಾಡಿಗೆ, ತಡವಾದರೆ ದಂಡ, ಎಲ್ಲಕ್ಕೂ ಕಾಲಂ ಇತ್ತು. ಗೊಬ್ಬರದ ವ್ಯಾಗನ್ನು ಬಿತ್ತನೆಗೆ ಮುಂಚೆ ಬಂತೋ ಆಮೇಲೆ ಬಂತೋ ಎಂಬುದಕ್ಕೆ ಕಾಲಂ ಇರಲಿಲ್ಲ. ರೈತನಿಗೆ ವರ್ಷವೆಲ್ಲ ನಿಂತಿರುವುದು ಅದರ ಮೇಲೆ.

1877 ಎಂದ ಕೂಡಲೇ ಕನ್ನಡ ನಾಡಿನವರಿಗೆ ನೆನಪಾಗಬೇಕಾದದ್ದು ಬೇರೆ. ಅದು ನಮ್ಮಲ್ಲಿ ಧಾತು ಮತ್ತು ಈಶ್ವರ ಸಂವತ್ಸರಗಳ ಬರದ ಕಾಲ. ಹಾರ್ಡರ್ಲಿಯಲ್ಲಿ ಅಮೀನರು ಬೆಂಕಿ ಕಾಯಿಸುತ್ತ ಕೂತಿದ್ದ ದಿನಗಳಲ್ಲೇ ಮೈಸೂರು ಸಂಸ್ಥಾನದಲ್ಲಿ, ಬಳ್ಳಾರಿಯಲ್ಲಿ, ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ಜನ ಹಸಿವಿನಿಂದ ಬೀಳುತ್ತಿದ್ದರು. ಧಾರವಾಡ, ಕಲಾದಗಿಗಳಿಗೆ ರೈಲೇ ಇರಲಿಲ್ಲ. ಕಾಳು ಹೊತ್ತ ಬಂಡಿಯ ಎತ್ತುಗಳಿಗೇ ದಾರಿಯಲ್ಲಿ ಮೇವು ನೀರಿಲ್ಲದಿದ್ದಾಗ, ಬಂದರಿನಲ್ಲಿ ಕಾಳಿದ್ದು ಏನು ಪ್ರಯೋಜನ? ಆ ಬರದ ನಂತರ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟ ಮೇಲೆ, ಲಾಭಕ್ಕಾಗಿ ಹಾಕುವ ಮಾರ್ಗ ಬೇರೆ, ಕ್ಷಾಮದಿಂದ ಜನರನ್ನು ಕಾಪಾಡಲು ಹಾಕುವ ರಕ್ಷಣಾ ಮಾರ್ಗ ಬೇರೆ ಎಂದು ಬ್ರಿಟಿಷ್ ಭಾರತ ಸರ್ಕಾರವೇ ಎರಡು ಖಾತೆ ಮಾಡಿಕೊಂಡಿತು. 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಗದಗ, ಹುಬ್ಬಳ್ಳಿ, ವಿಜಯಪುರಗಳಿಗೆ ಹಳಿ ತಂದದ್ದು ಈ ಎರಡನೆಯ ಖಾತೆಯ ಬಲದಿಂದ. ನನ್ನ ಅನ್ನದ ಮೂಲವೂ ಅದೇ ಹಳಿ. ಲಾಭದ ತಕ್ಕಡಿಯೊಂದನ್ನೇ ಹಿಡಿದಿದ್ದರೆ ಅದು ಬರುತ್ತಿರಲಿಲ್ಲ.

ಆದರೆ ಈ ಹೋಲಿಕೆಯಲ್ಲಿ ಒಂದು ಅನ್ಯಾಯವೂ ಅಡಗಿದೆ. ಅದನ್ನು ಹೇಳದೆ ಬಿಡಲಾರೆ. ಬಿಷಪ್ಸ್ ಕ್ಯಾಸಲ್‌ನ ಷೇರು ಕೊಂಡವರು ತಮ್ಮ ಹಣ ಕಳೆದುಕೊಂಡರು. ಅವರಿಗೆ ಯಾವ ಸರ್ಕಾರವೂ ಆಸರೆಯಾಗಲಿಲ್ಲ. ಅದೇ ವರ್ಷಗಳಲ್ಲಿ ಅದೇ ಇಂಗ್ಲೆಂಡಿನ ಹಣವಂತರು ಮದ್ರಾಸ್ ರೈಲ್ವೆಯ ಷೇರು ಕೊಂಡಿದ್ದರೆ ನಿಶ್ಚಿಂತರಾಗಿರಬಹುದಿತ್ತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ತಂದ ಆ ಕಂಪನಿಗೆ ಶೇ 5ರ ಬಡ್ಡಿಯನ್ನು ಸರ್ಕಾರ ಖಾತರಿ ಮಾಡಿತ್ತು. ಜಮೀನು ಪುಕ್ಕಟೆ. ಆದಾಯ ಸಾಲದೆ ಬಂದರೆ ಕೊರತೆಯನ್ನು ತುಂಬಿಕೊಡುವುದು ಇಲ್ಲಿಯ ರೈತನ ಕಂದಾಯವನ್ನೂ ಒಳಗೊಂಡ ಭಾರತದ ಬೊಕ್ಕಸ. ಆದ್ದರಿಂದ 'ಬ್ರಿಟಿಷ್ ಖಾಸಗಿ ಕಂಪನಿಗಳ ಶಿಸ್ತು' ಎಂದು ನಾವು ಹೊಗಳುವ ಮುಂಚೆ, ಭಾರತದಲ್ಲಿ ಅವುಗಳ ನಷ್ಟ ಕಟ್ಟಿಕೊಟ್ಟವರು ಯಾರು ಎಂಬುದನ್ನು ನೆನೆಯಬೇಕು. ಅಂಥ ಖಾತರಿಯಿಲ್ಲದ ಕಡೆ, ತವರಿನಲ್ಲೇ, ಅವು ಹೇಗೆ ಒದ್ದಾಡಿದವು ಎಂಬುದಕ್ಕೆ ಶ್ರಾಪ್‌ಶೈರ್‌ನ ಈ ಮಾರ್ಗ ಒಂದೇ ಅಲ್ಲ. ಮ್ಯಾಂಚೆಸ್ಟರ್ ಅಂಡ್ ಮಿಲ್ಫರ್ಡ್ ಎಂಬ ವೇಲ್ಸ್‌ನ ಕಂಪನಿ ಮ್ಯಾಂಚೆಸ್ಟರನ್ನೂ ಮುಟ್ಟಲಿಲ್ಲ, ಮಿಲ್ಫರ್ಡನ್ನೂ ಮುಟ್ಟಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಶ್ರಾಪ್‌ಶೈರ್‌ನದೇ ಇನ್ನೊಂದು ಕಂಪನಿ, ಪಾಟರೀಸ್, ಶ್ರೂಸ್‌ಬರಿ ಅಂಡ್ ನಾರ್ತ್ ವೇಲ್ಸ್ ರೈಲ್ವೆ. 1866ರ ಆಗಸ್ಟಿನಲ್ಲಿ ಆರಂಭವಾಗಿ ಡಿಸೆಂಬರಿನಲ್ಲೇ ನಿಂತಿತು. 1868ರಲ್ಲಿ ಮತ್ತೆ ಆರಂಭವಾಗಿ 1880ರಲ್ಲಿ ಮತ್ತೆ ನಿಂತಿತು. ಅಲ್ಲಿಂದ ಮುಂದೆ 31 ವರ್ಷ ಹಳಿಯ ಮೇಲೆ ಮುಳ್ಳು ಬೆಳೆಯಿತು. 1896ರ ಲಘು ರೈಲ್ವೆ ಕಾಯ್ದೆ ಕಡಿಮೆ ಖರ್ಚಿನ ಕಟ್ಟಳೆಗಳಿಗೆ ಅವಕಾಶ ಕೊಟ್ಟ ಮೇಲೆ, 1911ರಲ್ಲಿ, ಕರ್ನಲ್ ಸ್ಟೀಫನ್ಸ್ ಎಂಬ ಎಂಜಿನಿಯರ್ ಅದೇ ಹಾದಿಯನ್ನು ಬೇರೆ ಹೆಸರಿನಲ್ಲಿ ಮತ್ತೆ ತೆರೆದರು. ಮುಚ್ಚಿದ್ದು ಶಿಸ್ತಾಗಿದ್ದರೆ ಮತ್ತೆ ತೆರೆಯುವ ಅಗತ್ಯ ಯಾಕೆ ಬಂತು? ಒಂದೇ ಜಿಲ್ಲೆ, ಒಂದೇ ದಶಕದ ಎರಡು ಕಂಪನಿಗಳು. ಒಂದು ಓಡುತ್ತಲೇ ಉಳಿಯಿತು, ಇನ್ನೊಂದು ನಿಂತು ಹಾಳುಬಿತ್ತು. ಬಿಷಪ್ಸ್ ಕ್ಯಾಸಲ್‌ನ ಜನ ಆ 31 ವರ್ಷವೂ ಕಲ್ಲಿದ್ದಲನ್ನು ರೈಲಿನಲ್ಲಿ ತರಿಸಿಕೊಂಡರು, ದನವನ್ನು ರೈಲಿನಲ್ಲಿ ಮಾರುಕಟ್ಟೆಗೆ ಕಳಿಸಿದರು.

ಹಾಗೆಂದು ಅಲ್ಲಿಯ ಸೇವೆಯೇನೂ ಸೊಗಸಾಗಿರಲಿಲ್ಲ. ಹೊಸದೆಂಬುದನ್ನು ಕೊಳ್ಳುವ ಶಕ್ತಿ ರಿಸೀವರ್‌ಗೆ ಇಲ್ಲ. ಬೇರೆ ಕಂಪನಿಗಳು ಬಳಸಿ ಬಿಟ್ಟ ಡಬ್ಬಿಗಳೇ ಇಲ್ಲಿಗೆ ಬರಬೇಕು. ಕೊನೆಯ ದಶಕಗಳಲ್ಲಿ ಮಾರ್ಗವನ್ನು ನಡೆಸಿದ್ದು ಎರಡು ಎಂಜಿನ್ನುಗಳು. ಒಂದು 'ಕಾರ್ಲೈಲ್', 1868ರಲ್ಲಿ ಲೀಡ್ಸ್‌ನ ಕಿಟ್ಸನ್ ಕಾರ್ಖಾನೆಯಲ್ಲಿ ತಯಾರಾದದ್ದು, ಗುತ್ತಿಗೆದಾರರ ಬಳಿ ದುಡಿದು 1895ರಲ್ಲಿ ಇಲ್ಲಿಗೆ ಬಂತು. ಇನ್ನೊಂದು ಗ್ರೇಟ್ ವೆಸ್ಟರ್ನ್ ಕಂಪನಿಯಿಂದ 1905ರಲ್ಲಿ ಕೊಂಡ ಹಳೆಯ ಟ್ಯಾಂಕ್ ಎಂಜಿನ್. ಬೇರೆಯವರು ಸಾಕೆಂದು ಬಿಟ್ಟ ಈ ಯಂತ್ರಗಳನ್ನು ಅಲ್ಲಿಯ ಕೆಲವೇ ಮಂದಿ ನೌಕರರು ಮತ್ತೆ 30–40 ವರ್ಷ ಓಡಿಸಿದರೆಂಬುದನ್ನು ಲೋಕೋ ಶೆಡ್ಡಿನಲ್ಲಿ ಬೆವರು ಸುರಿಸಿದವರು ಯಾರೂ ಹಗುರವಾಗಿ ತೆಗೆದುಕೊಳ್ಳಲಾರರು. ಬಿಡಿಭಾಗ ಸಿಗದ ಎಂಜಿನ್ನನ್ನು ಓಡುವ ಸ್ಥಿತಿಯಲ್ಲಿ ಇಡುವುದು ಕೈಯ ಕೆಲಸಕ್ಕಿಂತ ಹೆಚ್ಚಾಗಿ ಅಂತಃಕರಣದ ಕೆಲಸ.

ಮೊದಲ ಮಹಾಯುದ್ಧದ ನಂತರ 1921ರ ಕಾಯ್ದೆಯ ಪ್ರಕಾರ ಬ್ರಿಟನ್ನಿನ ಬಹುತೇಕ ರೈಲು ಕಂಪನಿಗಳು 1923ರಲ್ಲಿ ನಾಲ್ಕು ದೊಡ್ಡ ಕಂಪನಿಗಳಲ್ಲಿ ವಿಲೀನವಾದವು. ಬಿಷಪ್ಸ್ ಕ್ಯಾಸಲ್ ಆ ಪಟ್ಟಿಯಲ್ಲಿ ಸೇರಲಿಲ್ಲ. ಯುದ್ಧದಿಂದ ಮರಳಿದ ಲಾರಿಗಳು, ಆಮೇಲೆ ಬಂದ ಬಸ್ಸುಗಳು ಅದೇ ಕಣಿವೆಯ ರಸ್ತೆಯಲ್ಲಿ ಓಡಾಡತೊಡಗಿದವು. ಅವು ಮನೆಬಾಗಿಲಿಗೆ ಬರುತ್ತಿದ್ದವು, ಲಿಡಮ್ ಹೀತ್‌ನಲ್ಲಿ ತಿರುಗಬೇಕಿರಲಿಲ್ಲ. ಈ ಸ್ಪರ್ಧೆಯನ್ನು ತಾಳುವ ಶಕ್ತಿ ಆ ಮಾರ್ಗಕ್ಕೆ ಇರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಎಲ್ಲ ಮಾರ್ಗವೂ ಎಂದೆಂದಿಗೂ ಇರಬೇಕೆಂಬುದು ನನ್ನ ವಾದವಲ್ಲ. ಬೇರೆ ದಾರಿ ಬಂದ ಮೇಲೆ ಮುಚ್ಚುವುದು ಒಂದು, ಯಾವ ದಾರಿಯೂ ಇಲ್ಲದಾಗ ಪುಸ್ತಕದಲ್ಲಿ ನಷ್ಟ ಕಂಡಿತೆಂದು ಮುಚ್ಚುವುದು ಇನ್ನೊಂದು. ಬಿಷಪ್ಸ್ ಕ್ಯಾಸಲ್‌ನಲ್ಲಿ ಆದದ್ದು ಮೊದಲನೆಯದು, ಅದೂ ದಿವಾಳಿಯಾದ 68 ವರ್ಷಕ್ಕೆ. ತಮ್ಮ ಲೇಖಕರು ಮುಂದೆ ಈ ವಿಷಯ ಬರೆಯುವಾಗ ಈ ವ್ಯತ್ಯಾಸವನ್ನು ಪರಿಗಣಿಸಬೇಕೆಂದೂ, ನಮ್ಮ ಯಾವುದೇ ಕವಲು ಮಾರ್ಗದ ನಷ್ಟದ ಅಂಕಿ ಕೊಡುವಾಗ ಆ ನಷ್ಟ ಓಡಾಟದ ಖರ್ಚಿನಿಂದ ಬಂದದ್ದೋ, ಹಳೆಯ ಸಾಲದಿಂದ ಬಂದದ್ದೋ, ಪೂರ್ತಿಯಾಗದೆ ಅರ್ಧಕ್ಕೆ ನಿಂತ ಯೋಜನೆಯಿಂದ ಬಂದದ್ದೋ ಎಂದು ಬಿಡಿಸಿ ಹೇಳಬೇಕೆಂದೂ ವಿನಂತಿ.

ನಾನು ಹೋದಾಗ ಓನಿ ನದಿಯ ದಂಡೆಯಲ್ಲಿ ಹಳೆಯ ಹಳಿಯ ದಿಬ್ಬ ಅಲ್ಲಲ್ಲಿ ಕಾಣುತ್ತಿತ್ತು. ಮೇಲೆ ಹುಲ್ಲು ಬೆಳೆದು ಕುರಿಗಳು ಮೇಯುತ್ತಿದ್ದವು. ಕೊನೆಯ ರೈಲು ಓಡಿದ್ದು 1935ರ ಏಪ್ರಿಲ್ 20ರಂದು. ಮರುವರ್ಷ ಹಳಿ ಕೀಳುವ ಕೆಲಸ ಶುರುವಾದಾಗ ಕಿತ್ತ ಹಳಿಗಳನ್ನು ಎಳೆದೊಯ್ಯಲು ಬಳಸಿದ್ದು ಅದೇ 'ಕಾರ್ಲೈಲ್' ಎಂಜಿನ್ನನ್ನು. ತಾನು 40 ವರ್ಷ ಓಡಿದ ದಾರಿಯನ್ನು ಅದು ಊರಿನ ಕಡೆಯಿಂದ ಹಿಂದೆ ಹಿಂದೆ ಸರಿಯುತ್ತ ಕ್ರೇವನ್ ಆರ್ಮ್ಸ್‌ವರೆಗೆ ಹೊತ್ತುಕೊಂಡು ಬಂತು. 1937ರಲ್ಲಿ, ಎಳೆಯಲು ಇನ್ನು ಹಳಿ ಉಳಿಯದಾದಾಗ, ಅದನ್ನೂ ಗುಜರಿಗೆ ಒಡೆದರು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗೂಡ್ಸ್ ಗುಮಾಸ್ತ
ಹುಬ್ಬಳ್ಳಿ